ಚುಟ್ಟಾ: ಅಗ್ಗದ ಹೊಗೆಯ ದುಬಾರಿ ಚರಿತ್ರೆ



ಈ ಸಲದ ಪತ್ರಿಕೆಗೆ ವಿಷಯ ಕೊಟ್ಟವರು ನಮ್ಮ ಕೇಳುಗರೊಬ್ಬರು. ಸಾಫ್ಟ್‌ವೇರ್ ಕೆಲಸದ ಹುಡುಗ. 'ಮಾಲ್‌ಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟು ಮಾರುವ ಫಾರಿನ್ ಸಿಗಾರ್ ನಮ್ಮ ಕೈಗೆಟುಕುವುದಿಲ್ಲ. ತಿರುಚಿಯ ಕಡೆ ಕೈಯಲ್ಲೇ ಸುತ್ತಿದ ಅಗ್ಗದ ಸಿಗಾರ್ ಸಿಗುತ್ತದಂತೆ. ಒಮ್ಮೆ ನೋಡೋಣ ಅಂತಿದ್ದೇವೆ. ಅದರ ಕಥೆ ಏನು ಹೇಳಿ' ಎಂದು ಕೇಳಿದ್ದಾರೆ. ಕಥೆ ಕೇಳಿದ ಮೇಲೆ ಹೇಳದೆ ಇರುವುದುಂಟೇ? ಬನ್ನಿ, ನಾನೂರು ವರ್ಷ ಹಿಂದಕ್ಕೆ ಹೋಗಿ ಬರೋಣ. ಆದರೆ ಹೊರಡುವ ಮೊದಲು ಒಂದು ಪದದ ಗಂಟು ಬಿಚ್ಚಬೇಕು.

ಇಂಗ್ಲಿಷ್ ನಿಘಂಟಿನಲ್ಲಿ 'ಚಿರೂಟ್' ಎಂಬ ಪದವಿದೆ. ಎರಡೂ ತುದಿ ಕತ್ತರಿಸಿದ ಸಿಗಾರ್ ಎಂದು ಅರ್ಥ ಕೊಟ್ಟು, ಮೂಲ ತಮಿಳು ಎಂದು ಬರೆದಿರುತ್ತಾರೆ. ತಮಿಳಿನ 'ಸುರುಟ್ಟು' ಪದವೇ ಅದು. ಚೆನ್ನೈಯಲ್ಲಿರುವ ನಮಗೆ ಪೆಟ್ಟಿಗೆ ಅಂಗಡಿಗಳ ಮುಂದೆ ಕಿವಿಗೆ ಬಿದ್ದಿರುವ ಮಾತು. ಕನ್ನಡಿಗರಿಗಂತೂ ಅದು ಮನೆಯ ಮಾತೇ. 'ಚಾಪೆ ಸುರುಟಿ ಇಡು', 'ಬಿಸಿಲಿಗೆ ಎಲೆ ಸುರುಟಿಕೊಂಡಿತು' ಎನ್ನುತ್ತೇವಲ್ಲ, ಆ 'ಸುರುಟು' ಮತ್ತು ಈ 'ಸುರುಟ್ಟು' ಒಂದೇ ಬೇರಿನವು. ತೆಲುಗರು ಇದನ್ನೇ 'ಚುಟ್ಟ' ಎನ್ನುತ್ತಾರೆ. ಅದು ನಮ್ಮ 'ಸುತ್ತು' ಪದದ ಒಡಹುಟ್ಟು. ನಮ್ಮ ಊರುಗಳಲ್ಲಿ ಅಜ್ಜಂದಿರು ಸೇದುತ್ತಿದ್ದ 'ಚುಟ್ಟಾ' ಇದೇ.

ಹೀಗೆ ಈ ವಸ್ತುವಿನ ಹೆಸರಿನಲ್ಲಿ ಹೊಗೆಯೂ ಇಲ್ಲ, ರುಚಿಯೂ ಇಲ್ಲ. ಇರುವುದು ಒಂದು ಕೈಕೆಲಸ, ಸುತ್ತುವ ಕೆಲಸ. ಇದರ ಚರಿತ್ರೆಯಲ್ಲಿ ನಾವು ಕಣ್ಣಿಡಬೇಕಾದದ್ದು ಸೇದುವ ಬಾಯಿಯ ಮೇಲೆ ಮಾತ್ರವಲ್ಲ, ಸುತ್ತುವ ಕೈಯ ಮೇಲೂ.

ಬಿಜಾಪುರದಿಂದ ಹೊರಟ ಹೊಗೆ

ಹೊಗೆಸೊಪ್ಪು ನಮ್ಮ ನೆಲದ ಗಿಡವಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಮೆಣಸಿನಕಾಯಿ, ಗೋಡಂಬಿಗಳೂ ಹಾಗೇ ಬಂದವು. ತಂಬಾಕು ಎಂಬ ಹೆಸರೂ ಪೋರ್ಚುಗೀಸರ ಜೊತೆ ಬಂದದ್ದೇ. ಆದರೆ ದಕ್ಷಿಣದ ನಾಲ್ಕು ಭಾಷೆಗಳು ಆ ಹೆಸರನ್ನು ಪಕ್ಕಕ್ಕಿಟ್ಟು ತಮ್ಮದೇ ಹೆಸರು ಕಟ್ಟಿಕೊಂಡವು. ತಮಿಳಿನಲ್ಲಿ ಪುಗೈಯಿಲೈ, ತೆಲುಗಿನಲ್ಲಿ ಪೊಗಾಕು, ಮಲಯಾಳದಲ್ಲಿ ಪುಗಯಿಲ, ಕನ್ನಡದಲ್ಲಿ ಹೊಗೆಸೊಪ್ಪು. ಎಲ್ಲದರ ಅರ್ಥವೂ ಒಂದೇ, ಹೊಗೆಯ ಎಲೆ. ಹಳಗನ್ನಡದ 'ಪೊಗೆ' ಹೊಸಗನ್ನಡದಲ್ಲಿ 'ಹೊಗೆ' ಆಯಿತೆಂದು ಬಿ.ಎ. ತರಗತಿಯಲ್ಲಿ ನಮ್ಮ ಮೇಷ್ಟ್ರು ಪಾಠ ಮಾಡುತ್ತಿದ್ದುದು ನೆನಪಾಗುತ್ತದೆ. ಗಿಡ ಬರುವ ಹೊತ್ತಿಗೆ ಪಕಾರ ಹಕಾರವಾಗಿ ಆಗಿತ್ತು. ಹಾಗಾಗಿ ಕನ್ನಡದಲ್ಲಿ ಈ ಪದ ಹುಟ್ಟಿದ್ದೇ ಹಕಾರದಲ್ಲಿ.

ಉತ್ತರ ಭಾರತದ ದೊಡ್ಡ ದರಬಾರಿಗೆ ಹೊಗೆಸೊಪ್ಪು ಹೋದದ್ದು ನಮ್ಮ ಬಿಜಾಪುರದಿಂದ ಎಂದರೆ ನಂಬುತ್ತೀರಾ? ಅಕ್ಬರನ ಅಧಿಕಾರಿ ಅಸದ್ ಬೇಗ್ ಎಂಬಾತ ಆದಿಲಶಾಹಿ ಆಸ್ಥಾನಕ್ಕೆ ರಾಯಭಾರಿಯಾಗಿ ಬಂದಿದ್ದ. ಇಲ್ಲಿ ಮೊದಲ ಬಾರಿಗೆ ಹೊಗೆಸೊಪ್ಪು ಕಂಡು, ಸೇದುವ ಅಂದದ ಕೊಳವೆಯೊಂದಿಗೆ ಅದನ್ನು 1604-05ರ ಸುಮಾರಿಗೆ ಅಕ್ಬರನ ಮುಂದಿಟ್ಟ. ಚಕ್ರವರ್ತಿ ಕುತೂಹಲಕ್ಕೆ ಒಂದೆರಡು ದಮ್ಮು ಎಳೆದ. ಆಸ್ಥಾನದ ವೈದ್ಯರು ಮಾತ್ರ ಬೇಡವೆಂದರು. ನಮ್ಮ ಗ್ರಂಥಗಳಲ್ಲಿ ಇದರ ಪ್ರಸ್ತಾಪವೇ ಇಲ್ಲ, ಗೊತ್ತಿಲ್ಲದ ವಸ್ತುವನ್ನು ದೊರೆಗೆ ಕೊಡುವುದು ಹೇಗೆ ಎಂಬುದು ಅವರ ವಾದ. ಜಗತ್ತಿನಲ್ಲಿ ಎಲ್ಲವೂ ಒಂದು ದಿನ ಹೊಸದೇ ಆಗಿತ್ತಲ್ಲ ಎಂಬುದು ಅಸದ್ ಬೇಗನ ಉತ್ತರ. ಇದನ್ನೆಲ್ಲ ಅವನೇ ಬರೆದಿಟ್ಟಿದ್ದಾನೆ. ಅಕ್ಬರ್ ಚಟ ಹತ್ತಿಸಿಕೊಳ್ಳಲಿಲ್ಲ. ಆದರೆ ಸರದಾರರು ಬಿಡಲಿಲ್ಲ, ವ್ಯಾಪಾರಿಗಳು ತರಿಸತೊಡಗಿದರು. 1617ರಲ್ಲಿ ಮಗ ಜಹಾಂಗೀರ್ ಹೊಗೆಸೊಪ್ಪಿಗೆ ನಿಷೇಧ ಹಾಕಿದ. ಅಷ್ಟರಲ್ಲಿ ಹೊಗೆ ಊರು ಬಿಟ್ಟು ಊರಿಗೆ ಹೋಗಿ ಆಗಿತ್ತು.

ನೋಡಿ, ವೈದ್ಯರ ಎಚ್ಚರಿಕೆಯೂ 'ಒಮ್ಮೆ ನೋಡೋಣ' ಎಂಬ ಕುತೂಹಲವೂ ಇಲ್ಲಿ ಒಂದೇ ದಿನ, ಒಂದೇ ಕೋಣೆಯಲ್ಲಿ ಹುಟ್ಟಿದವು.

ಮೊದಲು ಬಡವರದ್ದು

ಹುಕ್ಕಾಕ್ಕೆ ಕೊಳವೆ ಬೇಕು, ನೀರಿನ ಬುರುಡೆ ಬೇಕು, ಕೆಂಡ ಬೇಕು, ಹಿಡಿದು ನಿಲ್ಲಲು ಆಳೂ ಬೇಕು. ಕೋರಮಂಡಲ ಕರಾವಳಿಯ ಬೆಸ್ತರು, ಬೋಯಿಗಳು, ಗಾಡಿಯವರು ಇದನ್ನೆಲ್ಲ ಎಲ್ಲಿಂದ ತರಬೇಕು? ಅವರು ಎಲೆಯನ್ನೇ ಸುತ್ತಿ, ಒಂದು ತುದಿಗೆ ಬೆಂಕಿ ಮುಟ್ಟಿಸಿ, ಇನ್ನೊಂದನ್ನು ತುಟಿಗಿಟ್ಟುಕೊಂಡರು. 1669ರಿಂದ 1679ರವರೆಗೆ ಈ ಕರಾವಳಿಯಲ್ಲಿ ವ್ಯಾಪಾರ ಮಾಡಿದ ಥಾಮಸ್ ಬೌರಿ ಎಂಬ ಇಂಗ್ಲಿಷಿನವನು ಇದನ್ನು ಕಂಡು ಬರೆದಿದ್ದಾನೆ. ಬಡಜನ ಬರೀ ಎಲೆ ಸುತ್ತಿ ಸೇದುತ್ತಾರೆ, ಇದು ತೀರಾ ಸಾಮಾನ್ಯರ ಪದ್ಧತಿ, ಆದರೆ ಹೊಗೆಸೊಪ್ಪು ಸೇದುವ ಮೂಲ ವಿಧಾನ ಇದೇ ಇರಬೇಕು ಎಂಬುದು ಅವನ ಅಂದಾಜು. ಪೋರ್ಚುಗೀಸರು ಅದಕ್ಕೆ 'ಚಿರೂಟಾ' ಎನ್ನುತ್ತಾರೆಂದೂ ಹೇಳುತ್ತಾನೆ. ತಮಿಳು ಪದ ಪೋರ್ಚುಗೀಸರ ಬಾಯಿಗೆ ಬಂದು, ಅಲ್ಲಿಂದ ಇಂಗ್ಲಿಷಿಗೆ ದಾಟುತ್ತಿದ್ದ ಹೊತ್ತು ಅದು.

ಚುಟ್ಟಾ ಅಗ್ಗವಾದದ್ದಕ್ಕೆ ಅದರ ಆಕಾರವೇ ಮೊದಲ ಕಾರಣ. ಹವಾನಾ ಸಿಗಾರ್ ನಡುವೆ ಉಬ್ಬಿ, ತಲೆಯ ಕಡೆ ಮುಚ್ಚಿಕೊಂಡಿರುತ್ತದೆ. ಆ ಟೋಪಿ ಕೂರಿಸುವುದಕ್ಕೆ ನುರಿತ ಕೈ ಬೇಕು, ಸಮಯ ಬೇಕು. ಸೇದುವವನು ಅದನ್ನು ಕತ್ತರಿಸಲು ಬೇರೆ ಕತ್ತರಿ ಇಟ್ಟುಕೊಳ್ಳಬೇಕು. ಚುಟ್ಟಾ ನೇರ ಕೋಲು. ಸುತ್ತಿ, ಎರಡೂ ಕಡೆ ಕತ್ತರಿಸಿದರೆ ಮುಗಿಯಿತು.

ಬೀಡಿಗೂ ಚುಟ್ಟಾಕ್ಕೂ ವ್ಯತ್ಯಾಸ ಕೇಳುವವರಿದ್ದಾರೆ. ಬೀಡಿಯಲ್ಲಿ ಹೊಗೆಸೊಪ್ಪಿನ ಪುಡಿ ಒಳಗೆ, ಬೇರೆ ಮರದ ಎಲೆ ಹೊರಗೆ. ಚುಟ್ಟಾದಲ್ಲಿ ಒಳಗೂ ಹೊರಗೂ ಹೊಗೆಸೊಪ್ಪೇ. ನಿಪ್ಪಾಣಿಯ ಸೊಪ್ಪು ಬೀಡಿಗೆ ಹೆಸರಾಗಿದ್ದರೆ, ಚುಟ್ಟಾಕ್ಕೆ ಹೆಸರಾದದ್ದು ತಮಿಳುನಾಡಿನ ದಿಂಡಿಗಲ್ ಸೀಮೆಯ ಎಲೆ ಮತ್ತು ಗೋದಾವರಿಯ ಎಲೆ. ದಿಂಡಿಗಲ್ಲಿನ ರೈತರು ಬೆಳೆಯುತ್ತ ಬಂದ ತಳಿಗಳಿಗೆ ಊಸಿಕಪ್ಪಲ್, ವಟ್ಟಕಪ್ಪಲ್ ಎಂಬ ಚಂದದ ಹೆಸರುಗಳಿವೆ. ಊಸಿ ಎಂದರೆ ಸೂಜಿ, ವಟ್ಟ ಎಂದರೆ ದುಂಡು. ಹೆಸರಿನಲ್ಲೇ ಎಲೆಯ ಆಕಾರವಿದೆ.

ಎಲೆಯನ್ನು ಕಿತ್ತು ಒಣಗಿಸಿ, ಮೆದೆ ಹಾಕುತ್ತಾರೆ. ಮೆದೆಯೊಳಗೆ ತಾನಾಗಿಯೇ ಬಿಸಿ ಏರಿ ಎಲೆ ಹದಗೊಳ್ಳುತ್ತದೆ. ಮೇಲಿನದು ಕೆಳಗೆ, ಕೆಳಗಿನದು ಮೇಲೆ ಮಾಡಿ ಮತ್ತೆ ಒಟ್ಟುತ್ತಾರೆ. ಹಸಿ ವಾಸನೆ, ಘಾಟು ಕಳೆಯುವುದು ಇಲ್ಲೇ. ಆಮೇಲೆ ನಡುವಿನ ದಿಂಡು ತೆಗೆದು, ಚೂರು ಎಲೆಗಳನ್ನು ಒಳಗಿಟ್ಟು, ಒಂದು ಎಲೆಯಿಂದ ಬಿಗಿದು, ಮೇಲೊಂದು ನಯವಾದ ಎಲೆ ಓರೆಯಾಗಿ ಸುತ್ತಿ ಅಂಟು ಹಚ್ಚುತ್ತಾರೆ. ಬಿಗಿ ಹೆಚ್ಚಾದರೆ ಹೊಗೆ ಎಳೆಯಲು ಬರುವುದಿಲ್ಲ, ಸಡಿಲವಾದರೆ ಭರ್ರನೆ ಉರಿದುಹೋಗುತ್ತದೆ. ಆ ಹದ ಬೆರಳಿಗೆ ಗೊತ್ತು, ತಕ್ಕಡಿಗೆ ಗೊತ್ತಿಲ್ಲ.

ನಮ್ಮ ನಿಲಯದ ತಮಿಳು ಗೆಳೆಯರೊಬ್ಬರು ಊರಿಗೆ ಹೋದಾಗ ಒಂದು ಕಟ್ಟು ತಂದು ತೋರಿಸಿದ್ದರು. ಮೂಗಿನ ಹತ್ತಿರ ಹಿಡಿದೆ. ಒಣಹುಲ್ಲು, ಹಳೆಯ ಬೆಲ್ಲದ ಡಬ್ಬಿ, ಹಟ್ಟಿಯ ಹೊಗೆ, ಮೂರೂ ಸೇರಿದ ವಾಸನೆ. ಅಷ್ಟಕ್ಕೇ ಬಿಟ್ಟೆ. ಮೈಕಿನ ಮುಂದೆ ಕೂರುವವರಿಗೆ ಗಂಟಲೇ ಬಂಡವಾಳ ನೋಡಿ.

ಆಮೇಲೆ ದೊರೆಗಳದ್ದು

ಬಡವರ ಈ ಕೋಲು ಬಿಳಿಯರ ಕೈಗೆ ಹೋದದ್ದು ಸಿಪಾಯಿ ದಂಡಿನ ದಾರಿಯಲ್ಲಿ. ತಿರುಚಿನಾಪಳ್ಳಿಯಲ್ಲಿ ದೊಡ್ಡ ದಂಡು ಇತ್ತು. ದಿಂಡಿಗಲ್ಲಿನ ಎಲೆ ಹತ್ತಿರದಲ್ಲೇ ಸಿಗುತ್ತಿತ್ತು. ಊರಿನ ಪಕ್ಕದ ಉರೈಯೂರಿನಲ್ಲಿ ಸುತ್ತುವ ಕೈಗಳಿದ್ದವು. ಉರೈಯೂರು ಎಂದರೆ ಸಾಮಾನ್ಯ ಊರಲ್ಲ, ಪ್ರಾಚೀನ ಚೋಳರ ರಾಜಧಾನಿ. ಹವಾನಾದ ಬೆಲೆ ಕೊಡಲಾಗದ ಕಿರಿಯ ಅಧಿಕಾರಿಗಳಿಗೆ ಇದು ವರವಾಯಿತು. ಹತ್ತೊಂಬತ್ತನೇ ಶತಮಾನದಲ್ಲಿ ತಿರುಚಿಯ ಚುಟ್ಟಾ ಲಂಡನ್ನಿನವರೆಗೆ ಹೋಯಿತು. ಇಂಗ್ಲಿಷರು ಅದಕ್ಕೆ ಪ್ರೀತಿಯಿಂದ 'ಟ್ರಿಚೀಸ್' ಎಂದೇ ಹೆಸರಿಟ್ಟರು.

ಷರ್ಲಾಕ್ ಹೋಮ್ಸ್ ಕಥೆಗಳನ್ನು ನೀವು ಓದಿರುತ್ತೀರಿ. 1887ರಲ್ಲಿ ಬಂದ ಮೊದಲ ಕಾದಂಬರಿ 'ಎ ಸ್ಟಡಿ ಇನ್ ಸ್ಕಾರ್ಲೆಟ್'ನಲ್ಲಿ ಹೋಮ್ಸ್ ನೆಲದ ಮೇಲಿನ ಬೂದಿ ನೋಡಿಯೇ ಕೊಲೆಗಾರ ಸೇದಿದ್ದು ತಿರುಚಿನಾಪಳ್ಳಿಯ ಸಿಗಾರ್ ಎಂದು ಹೇಳಿಬಿಡುತ್ತಾನೆ. 1890ರ 'ದಿ ಸೈನ್ ಆಫ್ ಫೋರ್'ನಲ್ಲಿ 140 ಬಗೆಯ ಹೊಗೆಸೊಪ್ಪಿನ ಬೂದಿಯ ಮೇಲೆ ತಾನು ಬರೆದ ಪ್ರಬಂಧದ ಮಾತು ತೆಗೆದು, ಉದಾಹರಣೆಗೆ ಭಾರತದ 'ಲಂಕಾ'ವನ್ನು ಹೆಸರಿಸುತ್ತಾನೆ. ಇದು ಸಿಂಹಳದ ಲಂಕೆಯಲ್ಲ. ಗೋದಾವರಿ ನದಿಯ ನಡುವಿನ ದ್ವೀಪಗಳಿಗೆ ತೆಲುಗರು 'ಲಂಕ' ಎನ್ನುತ್ತಾರೆ. ಪ್ರವಾಹ ಇಳಿದ ಮೇಲೆ ಅಲ್ಲಿ ಉಳಿಯುವ ಮೆಕ್ಕಲು ಮಣ್ಣಿನಲ್ಲಿ ಬೆಳೆದ ಖಾರದ ಎಲೆಯೇ ಲಂಕ ಪೊಗಾಕು. ಹೈದರಾಬಾದಿನ ನಮ್ಮ ಬಂಧುಗಳು ರಾಜಮಹೇಂದ್ರಿ ಕಡೆ ರೈಲಿನಲ್ಲಿ ಹೋಗುವಾಗ ಸೇತುವೆಯ ಮೇಲಿಂದ ಕಾಣುವ ದಿಬ್ಬಗಳು ಲಂಡನ್ನಿನ ಪತ್ತೇದಾರನ ಬಾಯಲ್ಲಿ ಬಂದಿವೆ ಎಂಬುದನ್ನು ನೆನೆಸಿಕೊಳ್ಳಬಹುದು.

ಮದ್ರಾಸಿನ ಮೌಂಟ್ ರೋಡಿನ ಸ್ಪೆನ್ಸರ್ ಕಂಪನಿಯೂ ಈ ವ್ಯಾಪಾರಕ್ಕೆ ಇಳಿಯಿತು. ದಿಂಡಿಗಲ್ಲಿನಲ್ಲಿ ಸಿಗಾರ್ ಕಾರ್ಖಾನೆ ನಡೆಸಿತು. ಒಳಗೆ ದಿಂಡಿಗಲ್ಲಿನ ಎಲೆ, ಹೊರಗೆ ಸುಮಾತ್ರಾ, ಜಾವಾಗಳಿಂದ ತರಿಸಿದ ನಯವಾದ ಎಲೆ ಹಾಕಿ ಸುತ್ತಿಸಿ, ಅಂದದ ಪೆಟ್ಟಿಗೆಯಲ್ಲಿಟ್ಟು ಮಾರಿತು. ಈಗ ಅಣ್ಣಾ ಸಾಲೈಯ ಸ್ಪೆನ್ಸರ್ ಪ್ಲಾಜಾದಲ್ಲಿ ಅಡ್ಡಾಡುವವರಿಗೆ ಹಳೆಯ ಕಟ್ಟಡ 1983ರ ಬೆಂಕಿಯಲ್ಲಿ ಹೋಯಿತೆಂಬುದು ಗೊತ್ತಿರಬಹುದು. ಆ ಅಂಗಡಿಯ ಹಿಂದೆ ದಿಂಡಿಗಲ್ಲಿನ ನೂರಾರು ಬೆರಳುಗಳಿದ್ದವು ಎಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ.

ಅಂದ ಹಾಗೆ, ಬೆಂಗಳೂರಿನವರು ಕೇಳಿಯೇ ಕೇಳುತ್ತೀರಿ: ಚರ್ಚಿಲ್? ಹೌದು, ಬೆಂಗಳೂರು ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಇಂದಿಗೂ 13 ರೂಪಾಯಿ ಬಾಕಿ ಉಳಿಸಿಕೊಂಡಿರುವ ಅದೇ ಚರ್ಚಿಲ್. 1896ರಲ್ಲಿ ಕುದುರೆ ಪಡೆಯ ಅಧಿಕಾರಿಯಾಗಿ ಬೆಂಗಳೂರಿಗೆ ಬಂದರು. ಹಿಂದಿನ ವರ್ಷವಷ್ಟೇ ಕ್ಯೂಬಾಕ್ಕೆ ಹೋಗಿ ಹವಾನಾದ ರುಚಿ ಕಂಡಿದ್ದರು. ತಿರುಚಿಯವರು ಮಾತ್ರ ಚರ್ಚಿಲ್ಲರನ್ನು ತಮ್ಮ ಸುರುಟ್ಟಿನ ಅಭಿಮಾನಿ ಎಂದೇ ಹೇಳಿಕೊಳ್ಳುತ್ತಾರೆ. ವ್ಯಾಪಾರಕ್ಕೆ ಒಂದು ದೊಡ್ಡ ಹೆಸರು ಬೇಕಲ್ಲ!

ಯಂತ್ರ ಬಂದ ಮೇಲೆ

ಚುಟ್ಟಾದ ರಾಜಯೋಗ ಮುಗಿಸಿದ್ದು ಸಿಗರೇಟು. ಅಮೆರಿಕದ ಜೇಮ್ಸ್ ಬೊನ್ಸಾಕ್ 1881ರಲ್ಲಿ ಪೇಟೆಂಟ್ ಪಡೆದ ಯಂತ್ರ ಹತ್ತು ಗಂಟೆಯಲ್ಲಿ 1,20,000 ಸಿಗರೇಟು ಸುತ್ತಬಲ್ಲದಾಗಿತ್ತು. ಚುಟ್ಟಾ ಸುತ್ತುವವನು ದಿನವಿಡೀ ಕಾಲು ಮಡಿಚಿ ಕೂತರೂ ಕೆಲವು ನೂರು. 1910ರಲ್ಲಿ ಕಲ್ಕತ್ತೆಯಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಹುಟ್ಟಿತು. ಆಮೇಲೆ ಬೆಂಗಳೂರಿಗೂ ಸಿಗರೇಟು ಕಾರ್ಖಾನೆ ಬಂತು. ಬಿಳಿ ಕಾಗದ, ಒಂದೇ ಅಳತೆ, ಒಂದೇ ರುಚಿ, ಜೇಬಿಗೆ ಹಿಡಿಸುವ ಪ್ಯಾಕು. ಪೇಟೆಯ ಯುವಕ ಅತ್ತ ಹೋದ. ದೊರೆಗಳು 1947ರಲ್ಲಿ ಹಡಗು ಹತ್ತಿದರು.

ಚುಟ್ಟಾ ಮತ್ತೆ ಹುಟ್ಟಿದ ಕಡೆಗೇ ಮರಳಿತು. ಹೊಲದ ಬದುವಿಗೆ, ಮೀನುಗಾರರ ದಡಕ್ಕೆ, ಜಗುಲಿಯ ಮೇಲಿನ ಅಜ್ಜ ಅಜ್ಜಿಯರ ಬಳಿಗೆ. ಜೊತೆಗೆ ದೇವರ ಬಳಿಗೂ. ತಮಿಳುನಾಡಿನ ಹಳ್ಳಿ ಕಾಯುವ ಕರುಪ್ಪಸಾಮಿ, ಮುನೀಶ್ವರನ್ ಮುಂತಾದ ದೇವರಿಗೆ ಸುರುಟ್ಟು ಹಚ್ಚಿ ಇಡುವ ಹರಕೆ ಇಂದಿಗೂ ಇದೆ. ರಾತ್ರಿಯೆಲ್ಲ ಎದ್ದು ಊರು ಕಾಯುವ ದೇವರು, ಕಾವಲುಗಾರನಿಗೆ ಬೇಕಾದದ್ದು ಅವನಿಗೂ ಬೇಡವೇ ಎಂಬ ನಂಬಿಕೆ.

ಅಗ್ಗಕ್ಕೆ ಬೆಲೆ ತೆತ್ತ ಕೈ

ಈಗ ಕಥೆಯ ಇನ್ನೊಂದು ಮಗ್ಗುಲು. ಎಲೆ ಅಗ್ಗ, ಆಕಾರ ಸುಲಭ. ಇದರ ಜೊತೆಗೆ ಮೂರನೆಯದೂ ಅಗ್ಗವಾಗಿತ್ತು, ಅದು ಕೂಲಿ. ಬೀಡಿಯಾಗಲಿ ಚುಟ್ಟಾ ಆಗಲಿ, ಕೂಲಿ ದಿನದ ಲೆಕ್ಕದಲ್ಲಿ ಅಲ್ಲ, ಎಣಿಕೆಯ ಲೆಕ್ಕದಲ್ಲಿ. ಸರಿಯಾಗಿಲ್ಲ ಎಂದು ಪಕ್ಕಕ್ಕೆ ತಳ್ಳಿದ್ದಕ್ಕೆ ಕೂಲಿಯಿಲ್ಲ. ಎಲೆಯ ದೂಳು ಎದೆಗೆ, ಕಡು ವಾಸನೆ ತಲೆಗೆ. 1931ರಲ್ಲಿ ಕಾರ್ಮಿಕರ ಸ್ಥಿತಿಯನ್ನು ಕುರಿತು ವರದಿ ಕೊಟ್ಟ ರಾಯಲ್ ಕಮಿಷನ್, ಬೀಡಿ ಸುತ್ತುವ ಕೊಠಡಿಗಳಲ್ಲಿ ಐದು ವರ್ಷದ ಮಕ್ಕಳನ್ನೂ ಕಂಡಿತ್ತು. ದಿನಕ್ಕೆ ಹತ್ತು ಹನ್ನೆರಡು ಗಂಟೆ ಕೆಲಸ, ವಾರದ ರಜೆಯಿಲ್ಲ, ಕೂಲಿ ಎರಡಾಣೆಯಷ್ಟು ಕಡಿಮೆ.

ಸ್ವಾತಂತ್ರ್ಯ ಬಂದು ಹತ್ತೊಂಬತ್ತು ವರ್ಷವಾದ ಮೇಲೆ, 1966ರಲ್ಲಿ, ಬೀಡಿ ಮತ್ತು ಸಿಗಾರ್ ಕಾರ್ಮಿಕರಿಗೆಂದೇ ಸಂಸತ್ತು ಒಂದು ಕಾಯ್ದೆ ಮಾಡಿತು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. 14 ವರ್ಷದೊಳಗಿನ ಮಕ್ಕಳನ್ನು ಕೂರಿಸುವಂತಿಲ್ಲ. ಗಾಳಿ ಬೆಳಕು, ಕುಡಿಯುವ ನೀರು, ವಾರದ ರಜೆ ಕೊಡಬೇಕು. ಮನೆಯಲ್ಲೇ ಕೂತು ಸುತ್ತುವ ಹೆಂಗಸರೂ ಕಾರ್ಮಿಕರೇ ಎಂದು ಒಪ್ಪಿದ್ದು ಈ ಕಾಯ್ದೆಯ ದೊಡ್ಡ ಮಾತು. ಮಾಲೀಕರು ಸುಮ್ಮನಿರಲಿಲ್ಲ, ನ್ಯಾಯಾಲಯಕ್ಕೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆ ಪ್ರಕರಣ ಕಾನೂನು ಪುಸ್ತಕಗಳಲ್ಲಿ ನಮ್ಮ ಮಂಗಳೂರಿನ ಗಣೇಶ್ ಬೀಡಿ ವರ್ಕ್ಸ್ ಹೆಸರಿನಲ್ಲೇ ಇದೆ. ಕರಾವಳಿಯ ಸಾವಿರಾರು ಹೆಂಗಸರ ಮಡಿಲ ಮೇಲಿನ ಗೆರಸೆಗೂ ದಿಂಡಿಗಲ್ಲಿನ ಹಲಗೆಗೂ ಅಂದು ಒಂದೇ ತೀರ್ಪು. ಆ ಕಾಯ್ದೆಯನ್ನು 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಲಾಯಿತು.

ಅಗ್ಗಕ್ಕೆ ಬೆಲೆ ತೆತ್ತ ಬಾಯಿ

ಆಂಧ್ರದ ಉತ್ತರ ಕರಾವಳಿಯಲ್ಲಿ, ವಿಶಾಖಪಟ್ಟಣ, ಶ್ರೀಕಾಕುಳಂ ಕಡೆ, ಚುಟ್ಟಾ ಸೇದುವ ಒಂದು ವಿಚಿತ್ರ ಕ್ರಮವಿದೆ. ಉರಿಯುವ ತುದಿಯನ್ನು ಬಾಯೊಳಗಿಟ್ಟುಕೊಂಡು ಸೇದುವುದು. ತೆಲುಗಿನಲ್ಲಿ ಇದಕ್ಕೆ 'ಅಡ್ಡ ಪೊಗ' ಎನ್ನುತ್ತಾರೆ. ಹೆಚ್ಚಾಗಿ ಹೆಂಗಸರೇ ಹೀಗೆ ಸೇದುತ್ತಾರೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ, ಆದರೆ ಅವರ ಕಾರಣಗಳು ದಿನದ ದುಡಿಮೆಯಿಂದಲೇ ಬಂದವು. ಕಡಲ ಗಾಳಿಗೆ ಬೆಂಕಿ ಆರುವುದಿಲ್ಲ. ನೀರಿನಲ್ಲಿ ಕೆಲಸ ಮಾಡುವಾಗ ನೆನೆಯುವುದಿಲ್ಲ. ಬೂದಿ ಸೀರೆಯ ಮೇಲೆ ಬೀಳುವುದಿಲ್ಲ. ಒಂದು ಚುಟ್ಟಾ ಬಹಳ ಹೊತ್ತು ಬಾಳುತ್ತದೆ. ತಾಯಿಯನ್ನು ನೋಡಿ ಮಗಳು ಕಲಿಯುತ್ತಾಳೆ.

ಅಂಗುಳಿನ ಮೇಲೆ ಬೀಳುವ ಕಾವಿನ ಫಲವನ್ನು ವಿಶಾಖಪಟ್ಟಣದ ವೈದ್ಯರು ಗಮನಿಸಿದರು. ಬೇರೆಡೆ ಅಪರೂಪವಾದ ಅಂಗುಳಿನ ಕ್ಯಾನ್ಸರ್ ಅಲ್ಲಿ ಮತ್ತೆ ಮತ್ತೆ ಕಾಣುತ್ತಿತ್ತು. 1971ರಲ್ಲಿ ಡೆನ್ಮಾರ್ಕಿನ ಪಿಂಡ್‌ಬೋರ್ಗ್ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಫಾಲಿ ಮೆಹ್ತಾ ಅವರ ತಂಡ ಆಂಧ್ರದ 10,169 ಹಳ್ಳಿಗರ ಬಾಯಿ ಪರೀಕ್ಷಿಸಿ ವರದಿ ಪ್ರಕಟಿಸಿತು. ಅಡ್ಡ ಪೊಗದವರ ಅಂಗುಳಿನಲ್ಲಿ ಬಿಳಿ ಮಚ್ಚೆ, ಕೆಂಪು ಹುಣ್ಣು, ಗಂಟು. ಬಾಯಿಯ ಕ್ಯಾನ್ಸರ್ ಕುರಿತು ಜಗತ್ತು ಇಂದಿಗೂ ಓದುವ ಪಾಠಗಳಲ್ಲಿ ಇದೂ ಒಂದು. ಅದನ್ನು ಕಲಿಸಿದವರು ಓದು ಬರಹ ಬಾರದ ಮೀನುಗಾರ ಹೆಂಗಸರು, ತಮ್ಮ ಬಾಯಿ ತೆರೆದು ತೋರಿಸಿ.

'ನಾವು ನೇರವಾಗಿಯೇ ಸೇದುತ್ತೇವೆ, ಹೊಗೆ ಒಳಗೆ ಎಳೆಯುವುದಿಲ್ಲ, ಸಿಗಾರಿಗೆ ಅಪಾಯವಿಲ್ಲ' ಎನ್ನುವವರಿದ್ದಾರೆ. ಸಿಗಾರಿನ ಹೊಗೆಗೆ ಕ್ಷಾರಗುಣ ಹೆಚ್ಚು. ಹಾಗಾಗಿ ಎದೆಗೆ ಎಳೆಯದಿದ್ದರೂ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ. ಚಟ ಹತ್ತಿಸಲು ಅಷ್ಟು ಸಾಕು. ಬಾಯಿ, ಗಂಟಲು, ಅನ್ನನಾಳ, ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೆ ಸಿಗಾರ್ ಕಾರಣ ಎಂಬುದರಲ್ಲಿ ವೈದ್ಯರಿಗೆ ಅನುಮಾನವೇ ಇಲ್ಲ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕು ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ಕೈಯಲ್ಲಿ ಸುತ್ತಿದ್ದು ಎಂಬುದು ಕೆಲಸದ ಗುಣ, ಹೊಗೆಯ ಗುಣವಲ್ಲ.

2003ರ ತಂಬಾಕು ನಿಯಂತ್ರಣ ಕಾಯ್ದೆ ಸಿಗರೇಟು, ಬೀಡಿ, ಸಿಗಾರ್, ಚಿರೂಟು ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದೆ. 2008ರ ಗಾಂಧಿ ಜಯಂತಿಯಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದಕ್ಕೆ ಬಿಗಿ ನಿಷೇಧ ಬಂತು. 2009ರ ಮೇ 31ರಿಂದ ಪ್ಯಾಕುಗಳ ಮೇಲೆ ಚಿತ್ರದ ಎಚ್ಚರಿಕೆ ಬಂತು. ಆದರೆ ಶ್ರೀಕಾಕುಳಂನ ಅಜ್ಜಿ ಸಂತೆಯಲ್ಲಿ ಎಲೆ ಕೊಂಡು ಮನೆಯಲ್ಲಿ ತಾನೇ ಸುತ್ತಿಕೊಳ್ಳುವ ಚುಟ್ಟಾಕ್ಕೆ ಪ್ಯಾಕೇ ಇಲ್ಲ. ಚಿತ್ರ ಅಂಟಿಸುವುದು ಎಲ್ಲಿ? ಎಲ್ಲರಿಗಿಂತ ಹೆಚ್ಚು ತೆತ್ತವಳಿಗೆ ಎಚ್ಚರಿಕೆ ತಲುಪುವ ದಾರಿ ಇನ್ನೂ ಕಿರಿದಾಗಿದೆ.

ಹಾಗಾದರೆ ನೋಡುವುದೇನು?

ಪತ್ರ ಬರೆದ ಗೆಳೆಯರಿಗೆ ನನ್ನ ಉತ್ತರ ಇಷ್ಟು. ಶ್ರೀರಂಗಕ್ಕೆ ಹೇಗೂ ಹೋಗುತ್ತೀರಿ. ರಂಗನಾಥನ ದರ್ಶನವಾದ ಮೇಲೆ ಕಾವೇರಿ ದಾಟಿ ಉರೈಯೂರಿಗೆ ಒಂದು ಗಂಟೆ ಇಟ್ಟುಕೊಳ್ಳಿ. ಅಲ್ಲಿ ಸುರುಟ್ಟು ಸುತ್ತುವವರು ಈಗ ಬೆರಳೆಣಿಕೆಯಷ್ಟು, ಬಹುತೇಕ ವಯಸ್ಸಾದವರು. ಕೆಲಸ ನೋಡುತ್ತ ಕೂತರೆ ಬೇಡವೆನ್ನಲಾರರು. ಎಷ್ಟು ವರ್ಷದಿಂದ ಸುತ್ತುತ್ತಿದ್ದೀರಿ, ಮಕ್ಕಳು ಏನು ಮಾಡುತ್ತಾರೆ, ಕೆಮ್ಮು ಇದೆಯೇ ಎಂದು ವಿಚಾರಿಸಿ. ನೀವು ಕಾಣಬೇಕಾದದ್ದು ಆ ಬೆರಳುಗಳ ಹದವನ್ನು. ಹಚ್ಚಿ ಸೇದಿದರೆ ಅದು ಕಾಣುವುದಿಲ್ಲ, ಬೂದಿಯಾಗುತ್ತದೆ. ಅಗ್ಗ ಎಂದು ಹೊಗೆ ಸೇದುವುದನ್ನು ನಾನಂತೂ ಯಾರಿಗೂ ಹೇಳಲಾರೆ. ಅದರ ಬಾಕಿ ಬಿಲ್ಲು ಯಾರ ಯಾರ ಮನೆಗೆ ಹೋಗಿದೆ ಎಂದು ಮೇಲೆ ಬರೆದಾಗಿದೆ.

ನಿಮ್ಮ ಮನೆಯಲ್ಲಿ ಚುಟ್ಟಾ ಸೇದುತ್ತಿದ್ದ ಅಜ್ಜ ಅಜ್ಜಿಯರಿದ್ದರೇ? ಮಂಗಳೂರು, ಉಡುಪಿ ಕಡೆ ಬೀಡಿ ಕಟ್ಟಿ ನಿಮ್ಮನ್ನು ಓದಿಸಿದ ತಾಯಂದಿರಿದ್ದಾರೆಯೇ? ನಿಪ್ಪಾಣಿಯ ಸೊಪ್ಪಿನ ಮಂಡಿಯಲ್ಲಿ ದುಡಿದವರಿದ್ದಾರೆಯೇ? ನಾಲ್ಕು ಸಾಲು ಬರೆದು ಕಳಿಸಿ. ಚೆನ್ನೈ, ಮುಂಬಯಿ, ಪುಣೆ, ಹೈದರಾಬಾದ್, ದೆಹಲಿ, ಎಲ್ಲಿಂದ ಬಂದರೂ ಸರಿ. ಕನ್ನಡದ ಹೊತ್ತಿನಲ್ಲಿ ಓದುತ್ತೇನೆ. ಸುತ್ತಿದ ಕೈಗಳ ಹೆಸರು ಒಮ್ಮೆಯಾದರೂ ಗಾಳಿಯಲ್ಲಿ ಕೇಳಲಿ.

ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ ಕೇಳುತ್ತಿರಿ, ಗಂಟಲು ಜೋಪಾನ.